ಸ್ವತಂತ್ರ ತಂತ್ರಾಂಶ ಬಳಗದ ಜಾಲತಾಣದಿಂದ ಸ್ವಾಮ್ಯದ ಸರಕನ್ನು ಹೊರಹಾಕುವುದು ಹೇಗೆ?

ತುಮಕೂರಿನ ಕಾಲೇಜೊಂದರಲ್ಲಿ ಲಿನಕ್ಸ್ ಬಳಗ ಹುಟ್ಟಿಕೊಂಡರೆ ತಿಂಗಳೊಳಗೆ ಅದಕ್ಕೊಂದು ಜಾಲತಾಣವೂ ಸಿದ್ಧವಾಗುತ್ತದೆ. ಮುಖಪುಟದಲ್ಲಿ ಪೆಂಗ್ವಿನ್ ಚಿತ್ರ, ಅದರ ಕೆಳಗೆ ಸ್ವತಂತ್ರ ತಂತ್ರಾಂಶ ಚಳವಳಿಯ ಹರಿಕಾರ ರಿಚರ್ಡ್ ಸ್ಟಾಲ್ಮನ್ ಪಟ್ಟಿ ಮಾಡಿದ ನಾಲ್ಕು ಸ್ವಾತಂತ್ರ್ಯಗಳು: ತಂತ್ರಾಂಶವನ್ನು ಬಳಸುವ, ಅರಿತು ತಿದ್ದುವ, ಹಂಚುವ, ತಿದ್ದಿದ್ದನ್ನೂ ಹಂಚುವ ಸ್ವಾತಂತ್ರ್ಯ. ಇನ್ನಷ್ಟು ಕೆಳಗೆ ಸರಿದರೆ ಆ ಸ್ವಾತಂತ್ರ್ಯಗಳನ್ನು ಕೊಡದ ಸ್ವಾಮ್ಯದ ಸರಕು: ಗೂಗಲ್ ಫಾರ್ಮ್, ಗೂಗಲ್ ಮ್ಯಾಪ್, ಯೂಟ್ಯೂಬ್ ಪೆಟ್ಟಿಗೆ. ಇವೆಲ್ಲದರ ಹಿಂದೆ ಕಣ್ಣಿಗೆ ಬೀಳದಂತೆ ಕೂತು ಬಂದವರನ್ನು ಎಣಿಸುವ ಗೂಗಲ್ ಅನಲಿಟಿಕ್ಸ್. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ.

ಬಳಗದವರನ್ನು ಕೇಳಿದರೆ ‘ನಮ್ಮ ಸರ್ವರ್‌ನಲ್ಲಿ ಡೆಬಿಯನ್ ಲಿನಕ್ಸ್ ಇದೆ, ತಾಣ ಕಟ್ಟಲು ವರ್ಡ್‌ಪ್ರೆಸ್ ಇದೆ, ಎಲ್ಲವೂ ಸ್ವತಂತ್ರ’ ಎನ್ನುತ್ತಾರೆ. ನಿಜ. ಆದರೆ ಸರ್ವರ್ ಬಳಗದ್ದು. ಅಲ್ಲಿ ಏನನ್ನು ಹಾಕಿಕೊಳ್ಳಬೇಕೆಂಬುದು ಬಳಗವೇ ಮಾಡಿದ ಆಯ್ಕೆ. ಪುಟ ತೆರೆದವರಿಗೆ ಆ ಆಯ್ಕೆ ಇಲ್ಲ. ಪುಟ ತೆರೆಯುತ್ತಿದ್ದಂತೆ ಜಾವಾಸ್ಕ್ರಿಪ್ಟ್ ಪ್ರೋಗ್ರಾಂಗಳು ಅವರನ್ನು ಕೇಳದೆ ಇಳಿಯುತ್ತವೆ, ಕೇಳದೆಯೇ ಓಡುತ್ತವೆ. ಇದೊಂದು ಬಲೆ ಎಂದು ಸ್ಟಾಲ್ಮನ್ 2009ರಲ್ಲೇ ಎಚ್ಚರಿಸಿದ್ದರು. ಆದ್ದರಿಂದ ಜಾಲತಾಣ ಎಷ್ಟು ಸ್ವತಂತ್ರ ಎಂಬುದನ್ನು ಅಳೆಯಬೇಕಾದ ಜಾಗ ನಮ್ಮ ಸರ್ವರ್ ಅಲ್ಲ, ಓದುಗರ ಬ್ರೌಸರ್. ಮುಂದಿನ ಎಲ್ಲ ಹಂತಗಳಿಗೂ ಇದೊಂದೇ ಅಳತೆಗೋಲು.

ಮೊದಲು ನೋಡಿ, ಆಮೇಲೆ ಕೀಳಿ

ಫೈರ್‌ಫಾಕ್ಸ್‌ನಲ್ಲಿ ಖಾಸಗಿ ಕಿಟಕಿಯೊಂದನ್ನು ತೆರೆದು, ಎಫ್12 ಕೀಲಿ ಒತ್ತಿ, ನೆಟ್‌ವರ್ಕ್ ಎಂಬ ವಿಭಾಗಕ್ಕೆ ಹೋಗಿ. ಕ್ಯಾಷ್, ಅಂದರೆ ಬ್ರೌಸರ್ ಮೊದಲೇ ಉಳಿಸಿಕೊಂಡ ಕಡತಗಳನ್ನು ನಿಷ್ಕ್ರಿಯಗೊಳಿಸುವ ಗುರುತನ್ನು ಹಾಕಿ. ಈಗ ನಿಮ್ಮ ಬಳಗದ ತಾಣವನ್ನು ತೆರೆಯಿರಿ. ಪುಟ ಕಾಣಿಸಿಕೊಳ್ಳಲು ಬ್ರೌಸರ್ ಯಾರ್ಯಾರ ಬಾಗಿಲು ತಟ್ಟಿತು ಎಂಬುದು ಸಾಲುಸಾಲಾಗಿ ಬರುತ್ತದೆ. ಡೊಮೇನ್ ಕಾಲಂ ಮೇಲೆ ಒತ್ತಿದರೆ ಒಂದೇ ಕಡೆಯಿಂದ ಬಂದವೆಲ್ಲ ಒಟ್ಟಾಗುತ್ತವೆ. ನಿಮ್ಮದಲ್ಲದ ಪ್ರತಿಯೊಂದು ಡೊಮೇನ್ ಹೆಸರನ್ನೂ ಪುಸ್ತಕದಲ್ಲಿ ಬರೆದುಕೊಳ್ಳಿ. ಮುಖಪುಟವೊಂದನ್ನೇ ನೋಡಿ ಸುಮ್ಮನಾಗಬೇಡಿ. ನೋಂದಣಿ ಪುಟ, ಹಳೆಯ ಕಾರ್ಯಕ್ರಮಗಳ ಪುಟ, ಸಂಪರ್ಕ ಪುಟಗಳನ್ನೂ ತೆರೆಯಿರಿ. ಕೊಳೆ ಹೆಚ್ಚಾಗಿ ಇರುವುದು ಯಾರೂ ತಿರುಗಿ ನೋಡದ ಹಳೆಯ ಪುಟಗಳಲ್ಲಿ.

ಎರಡನೆಯ ಪರೀಕ್ಷೆ: ಜಾವಾಸ್ಕ್ರಿಪ್ಟನ್ನು ಪೂರ್ತಿ ನಿಲ್ಲಿಸಿ ತಾಣವನ್ನು ಮತ್ತೆ ತೆರೆಯಿರಿ. ಕಾರ್ಯಕ್ರಮ ಯಾವಾಗ, ಎಲ್ಲಿ ಎಂಬಷ್ಟಾದರೂ ಓದಲು ಸಿಗಬೇಕು. ಬರೀ ಬಿಳಿ ಪರದೆ ಬಂದರೆ ತಾಣದ ಕಟ್ಟಡವೇ ತಪ್ಪಿದೆ ಎಂದರ್ಥ. ಮೂರನೆಯದಾಗಿ ಸ್ಟಾಲ್ಮನ್ ಆರಂಭಿಸಿದ ಗ್ನು ಯೋಜನೆಯ ಲಿಬ್ರೆಜೆಎಸ್ ಎಂಬ ಬ್ರೌಸರ್ ವಿಸ್ತರಣೆಯನ್ನು ಹಾಕಿಕೊಂಡು ನೋಡಬಹುದು. ಪರವಾನಗಿ ಸ್ಪಷ್ಟವಾಗಿಲ್ಲದ ಸ್ಕ್ರಿಪ್ಟುಗಳನ್ನು ಅದು ತಡೆಯುತ್ತದೆ. ನೀವೇ ಬರೆದ ಸ್ಕ್ರಿಪ್ಟನ್ನೂ ಅದು ತಡೆದರೆ ಸಿಟ್ಟಾಗಬೇಡಿ. ಪರವಾನಗಿಯ ಸಾಲನ್ನು ಅದಕ್ಕೆ ಅರ್ಥವಾಗುವ ರೂಪದಲ್ಲಿ ನೀವು ಬರೆದಿರಲಿಕ್ಕಿಲ್ಲ.

ಪುಸ್ತಕದಲ್ಲಿ ಬರೆದುಕೊಂಡದ್ದನ್ನು ಮೂರು ಗುಂಪು ಮಾಡಿ. ಓದುಗರ ಯಂತ್ರದಲ್ಲಿ ಓಡುವ ಸ್ವಾಮ್ಯದ ಪ್ರೋಗ್ರಾಂಗಳು ಒಂದು ಗುಂಪು. ಪ್ರೋಗ್ರಾಂ ಸ್ವತಂತ್ರವೇ ಆಗಿದ್ದರೂ ಓದುಗರ ಸುಳಿವನ್ನು ಬೇರೆಯವರಿಗೆ ಕೊಡುವಂಥವು ಇನ್ನೊಂದು. ಬಳಗದವರು ಒಳಗೊಳಗೆ ಬಳಸುವ, ಓದುಗರಿಗೆ ತಾಗದ ಸೇವೆಗಳು ಮೂರನೆಯದು. ಕೀಳುವ ಕೆಲಸ ಇದೇ ಕ್ರಮದಲ್ಲಿ ನಡೆಯಲಿ. ಎಷ್ಟೋ ಬಳಗಗಳು ಮೂರನೆಯ ಗುಂಪಿನ ಬಗ್ಗೆ ಗಂಟೆಗಟ್ಟಲೆ ಜಗಳವಾಡಿ ಮೊದಲನೆಯದನ್ನು ಹಾಗೇ ಬಿಟ್ಟಿರುತ್ತವೆ.

ಎಣಿಸುವುದನ್ನು ನಿಲ್ಲಿಸಿ

ಅನಲಿಟಿಕ್ಸ್ ಸ್ಕ್ರಿಪ್ಟನ್ನು ಅಳಿಸಲು ಎರಡು ನಿಮಿಷ ಸಾಕು, ಒಪ್ಪಿಸಲು ಒಂದು ಸಭೆ ಬೇಕು. ಸಭೆಯಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಕಳೆದ ವರ್ಷ ಆ ಅಂಕಿಗಳನ್ನು ನೋಡಿ ನಾವು ಯಾವ ತೀರ್ಮಾನ ಮಾಡಿದೆವು? ಉತ್ತರ ಬರದಿದ್ದರೆ ಕಿತ್ತುಹಾಕಿ, ಬದಲಿ ಹುಡುಕಬೇಡಿ. ನಿಜಕ್ಕೂ ಲೆಕ್ಕ ಬೇಕಿದ್ದರೆ ಸರ್ವರ್ ಹೇಗೂ ದಾಖಲೆ ಬರೆಯುತ್ತಿರುತ್ತದೆ; ಗೋಆಕ್ಸೆಸ್ ಎಂಬ ಸ್ವತಂತ್ರ ತಂತ್ರಾಂಶ ಆ ದಾಖಲೆಯನ್ನೇ ಓದಿ ಯಾವ ಪುಟವನ್ನು ಎಷ್ಟು ಬಾರಿ ತೆರೆಯಲಾಗಿದೆ ಎಂದು ಹೇಳುತ್ತದೆ. ಓದುಗರ ಕಡೆ ಒಂದು ಸಾಲು ಸ್ಕ್ರಿಪ್ಟೂ ಓಡುವುದಿಲ್ಲ. ಇನ್ನೂ ವಿವರ ಬೇಕೆನ್ನುವವರು ಮಾಟೊಮೊವನ್ನು ತಮ್ಮದೇ ಸರ್ವರ್‌ನಲ್ಲಿ ನಡೆಸಬಹುದು. ಕಾಲೇಜು ಬಳಗಕ್ಕೆ ಅದು ಅತಿಯಾಯಿತು ಎಂಬುದು ನನ್ನ ಅಭಿಪ್ರಾಯ.

ಕನ್ನಡದ ಅಕ್ಷರಗಳು ಎಲ್ಲಿಂದ ಬರುತ್ತಿವೆ?

ಇಲ್ಲಿ ಸ್ವಲ್ಪ ನಿಧಾನಿಸಬೇಕು. ಕನ್ನಡ ತಾಣಗಳಲ್ಲಿ ಹೆಚ್ಚು ಎಡವಟ್ಟಾಗುವುದು ಇಲ್ಲೇ.

ಗೂಗಲ್ ಫಾಂಟ್ಸ್‌ನಲ್ಲಿ ಸಿಗುವ ಕನ್ನಡ ಫಾಂಟುಗಳು ಸ್ವತಂತ್ರ ಪರವಾನಗಿಯವೇ. ನೋಟೊ ಸಾನ್ಸ್ ಕನ್ನಡ, ನೋಟೊ ಸೆರಿಫ್ ಕನ್ನಡಗಳು ಮುಕ್ತ ಫಾಂಟ್ ಪರವಾನಗಿಯಲ್ಲಿವೆ. ತೊಂದರೆ ಇರುವುದು ಫಾಂಟಿನಲ್ಲಲ್ಲ, ಅದು ಬರುವ ದಾರಿಯಲ್ಲಿ. ಪುಟ ತೆರೆದ ಪ್ರತಿಯೊಬ್ಬರ ಐಪಿ ವಿಳಾಸವೂ (ಅಂತರಜಾಲದಲ್ಲಿ ಅವರ ಸಂಪರ್ಕವನ್ನು ಗುರುತಿಸುವ ಸಂಖ್ಯೆ) ಫಾಂಟ್ ಕೊಡುವ ಕಂಪನಿಗೆ ತಲುಪುತ್ತದೆ. ಹೀಗೆ ಅನುಮತಿಯಿಲ್ಲದೆ ಐಪಿ ವಿಳಾಸ ರವಾನಿಸಿದ್ದಕ್ಕೆ ಜರ್ಮನಿಯ ಮ್ಯೂನಿಕ್‌ನ ನ್ಯಾಯಾಲಯವೊಂದು 2022ರ ಜನವರಿಯಲ್ಲಿ ಜಾಲತಾಣವೊಂದರ ಮಾಲೀಕರು ಓದುಗರಿಗೆ 100 ಯೂರೊ ಪರಿಹಾರ ಕೊಡಬೇಕೆಂದು ಆದೇಶಿಸಿತು. ಆ ಕಾನೂನು ನಮ್ಮದಲ್ಲ, ಆದರೆ ತತ್ವ ನಮಗೂ ಸಲ್ಲುತ್ತದೆ.

ಪರಿಹಾರಗಳಲ್ಲಿ ಅತ್ಯಂತ ಅಗ್ಗದ್ದೆಂದರೆ ವೆಬ್ ಫಾಂಟನ್ನೇ ಬಳಸದಿರುವುದು. ಇಂದಿನ ಮೊಬೈಲ್‌ಗಳಲ್ಲಿ ಕನ್ನಡ ಫಾಂಟ್ ಮೊದಲೇ ಇರುತ್ತದೆ. ಪಾವಗಡದ ಹಳ್ಳಿಯೊಂದರಲ್ಲಿ ಸಿಗ್ನಲ್ ಹುಡುಕುತ್ತಾ ನಿಮ್ಮ ಪುಟ ತೆರೆಯುವ ವಿದ್ಯಾರ್ಥಿಗೆ ಅಕ್ಷರದ ಅಂದಕ್ಕಿಂತ ಅಕ್ಷರ ಬೇಗ ಕಾಣುವುದು ಮುಖ್ಯ. ಅಂದವೂ ಬೇಕೇಬೇಕು ಎಂದಾದರೆ ಫಾಂಟ್ ಕಡತವನ್ನು ಇಳಿಸಿಕೊಂಡು ನಿಮ್ಮ ತಾಣದಲ್ಲೇ ಇಟ್ಟು, ವಿನ್ಯಾಸದ ಕಡತದಿಂದ ಅದನ್ನೇ ಕರೆಯಿರಿ. ನೋಟೊ ಬೇಡವೆಂದರೆ ಲೋಹಿತ್ ಕನ್ನಡವಿದೆ. ಡೆಬಿಯನ್‌ನಲ್ಲಿ ಪ್ಯಾಕೇಜ್ ಆಗಿಯೇ ಸಿಗುವ ಗುಬ್ಬಿ ಮತ್ತು ನವಿಲು ಇವೆ. ಗುಬ್ಬಿ ತಾಲ್ಲೂಕಿನವರಿಗೆ ಯಾವುದನ್ನು ಆರಿಸಬೇಕೆಂದು ನಾನು ಹೇಳಬೇಕಾಗಿಲ್ಲ.

ಫಾಂಟ್ ಕಡತವನ್ನು ಕುಗ್ಗಿಸುವಾಗ ಎಚ್ಚರಿಕೆ ಬೇಕು. ಫಾಂಟ್‌ಟೂಲ್ಸ್ ಎಂಬ ಸ್ವತಂತ್ರ ಪರಿಕರದಿಂದ ಬೇಕಾದ ಅಕ್ಷರಗಳನ್ನಷ್ಟೇ ಉಳಿಸಿಕೊಂಡು ಉಳಿದವನ್ನು ತೆಗೆಯಬಹುದು. ಯೂನಿಕೋಡ್‌ನಲ್ಲಿ ಕನ್ನಡದ ಜಾಗ 0ಸಿ80ರಿಂದ 0ಸಿಎಫ್‌ಎಫ್‌ವರೆಗೆ. ಅಷ್ಟನ್ನೇ ಉಳಿಸಿಕೊಂಡರೆ ಸಾಲದು. ಕಣ್ಣಿಗೆ ಕಾಣದ ಎರಡು ಅಕ್ಷರಗಳು, ಅಂದರೆ ಅಕ್ಷರಗಳನ್ನು ಬಿಡಿಸುವ 200ಸಿ ಮತ್ತು ಕೂಡಿಸುವ 200ಡಿ, ಉಳಿಯಲೇಬೇಕು. ಮೊದಲನೆಯದು ಕೆಟ್ಟರೆ ‘ಸಾಫ್ಟ್‌ವೇರ್’ನಲ್ಲಿ ವಕಾರ ಹೋಗಿ ಟಕಾರದ ಕೆಳಗೆ ಒತ್ತಾಗಿ ಕೂರಬಹುದು. ಒತ್ತಕ್ಷರ, ಅರ್ಕಾವತ್ತುಗಳನ್ನು ಸರಿಯಾದ ಜಾಗದಲ್ಲಿ ಕೂರಿಸುವ ನಿಯಮಗಳು ಫಾಂಟಿನ ಒಳಗೇ ಇರುತ್ತವೆ. ಗಾತ್ರ ಉಳಿಸುವ ಆಸೆಗೆ ಅವನ್ನು ಕತ್ತರಿಸಬೇಡಿ. ರೂಪಾಯಿ ಚಿಹ್ನೆಯನ್ನೂ ಮರೆಯಬೇಡಿ. ಕುಗ್ಗಿಸಿದ ಮೇಲೆ ‘ರಾಷ್ಟ್ರೀಯ’, ‘ಸ್ವಾತಂತ್ರ್ಯ’, ‘ಕರ್ನಾಟಕ’, ‘ಹಾರ್ಡ್‌ವೇರ್’ ಎಂದು ಬರೆದು ನೋಡಿ. ಈ ನಾಲ್ಕೂ ಸರಿಯಾಗಿ ಮೂಡಿದರೆ ಉಳಿದವು ಬಹುಮಟ್ಟಿಗೆ ಸರಿ.

ಇದೇ ಸಾಲಿನ ಇನ್ನೊಂದು ಕಾಟ ಹಳೆಯ ಎನ್‌ಕೋಡಿಂಗ್. ಆಹ್ವಾನ ಪತ್ರಿಕೆಯನ್ನು ಡಿಟಿಪಿ ಅಂಗಡಿಯಲ್ಲಿ ಮಾಡಿಸುತ್ತೀರಿ. ಅವರು ನುಡಿ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ, ಅಂದರೆ ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳಿಗೇ ಕನ್ನಡದ ಆಕಾರ ತೊಡಿಸಿದ ಫಾಂಟಿನಲ್ಲಿ, ಬೆರಳಚ್ಚು ಮಾಡಿ ಕೊಡುತ್ತಾರೆ. ಅದನ್ನು ತಾಣಕ್ಕೆ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ. ಆಗ ಕೆಲವರು ಬೇಸತ್ತು ಇಡೀ ಆಹ್ವಾನವನ್ನು ಚಿತ್ರವಾಗಿಸಿ ಹಾಕುತ್ತಾರೆ. ಚಿತ್ರದೊಳಗಿನ ಕನ್ನಡವನ್ನು ಹುಡುಕುವಂತಿಲ್ಲ, ದೃಷ್ಟಿದೋಷವುಳ್ಳವರ ಪರದೆ-ಓದುಗ ತಂತ್ರಾಂಶಕ್ಕೆ ಅದು ಎಟುಕುವುದಿಲ್ಲ. ಆಸ್ಕಿಯಿಂದ ಯೂನಿಕೋಡ್‌ಗೆ ಬದಲಿಸುವ ಸ್ವತಂತ್ರ ಪರಿವರ್ತಕಗಳಿವೆ, ಬಳಸಿ. ಬದಲಾದ ಮೇಲೆ ಅರ್ಕಾವತ್ತು ಮತ್ತು ಅಂಕಿಗಳನ್ನು ಕಣ್ಣಿಟ್ಟು ತಿದ್ದಿ. ತಪ್ಪುಗಳು ಉಳಿಯುವುದು ಅಲ್ಲೇ.

ನಕ್ಷೆ

ಕಾರ್ಯಕ್ರಮದ ಸ್ಥಳ ತೋರಿಸಲು ಗೂಗಲ್ ನಕ್ಷೆಯ ಪೆಟ್ಟಿಗೆಯನ್ನು ಅಂಟಿಸಬೇಕಾಗಿಲ್ಲ. ಜನರೇ ಸೇರಿ ಕಟ್ಟುವ ಮುಕ್ತ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್ 2004ರಿಂದ ನಡೆಯುತ್ತಿದೆ. ಅದರಲ್ಲಿ ನಿಮಗೆ ಬೇಕಾದ ಭಾಗವನ್ನು ಚಿತ್ರವಾಗಿ ಇಳಿಸಿಕೊಂಡು, ‘ಓಪನ್‌ಸ್ಟ್ರೀಟ್‌ಮ್ಯಾಪ್ ಕೊಡುಗೆದಾರರು’ ಎಂಬ ಕೃತಜ್ಞತೆಯ ಸಾಲನ್ನು ಕೆಳಗೆ ಬರೆದು ಹಾಕಿ. ಆ ಸಾಲು ಪರವಾನಗಿಯ ಷರತ್ತು, ಬಿಡುವಂತಿಲ್ಲ. ಹಿಗ್ಗಿಸಿ ಕುಗ್ಗಿಸುವ ನಕ್ಷೆಯೇ ಬೇಕೆಂದರೆ ಲೀಫ್ಲೆಟ್ ಎಂಬ ಪುಟ್ಟ ಸ್ವತಂತ್ರ ಸ್ಕ್ರಿಪ್ಟ್ ಇದೆ. ಆದರೆ ನಕ್ಷೆಯ ತುಣುಕುಗಳು ಆಗಲೂ ಹೊರಗಿನ ಸರ್ವರ್‌ನಿಂದಲೇ ಬರುತ್ತವೆ ಎಂಬುದು ನೆನಪಿರಲಿ. ಚಿತ್ರದ ಪಕ್ಕದಲ್ಲಿ ಸ್ಥಳದ ಅಕ್ಷಾಂಶ, ರೇಖಾಂಶಗಳನ್ನು ಹೇಳುವ ಜಿಯೊ ಕೊಂಡಿಯೊಂದನ್ನು ಕೊಟ್ಟರೆ ಓದುಗರ ಆಂಡ್ರಾಯ್ಡ್ ಮೊಬೈಲ್‌ನಲ್ಲಿ ಯಾವ ನಕ್ಷೆಯ ಆ್ಯಪ್ ಇದೆಯೋ ಅದು ತೆರೆಯುತ್ತದೆ, ಆರ್ಗಾನಿಕ್ ಮ್ಯಾಪ್ಸ್ ಇದ್ದರೆ ಅದು, ಗೂಗಲ್‌ನದಿದ್ದರೆ ಅದು. ಆಯ್ಕೆ ಅವರದಾಗುತ್ತದೆ.

ಇವೆಲ್ಲಕ್ಕಿಂತ ಉಪಯುಕ್ತವಾದದ್ದು ಮಾತಿನಲ್ಲಿ ಬರೆದ ದಾರಿ. ರೈಲಿನಲ್ಲಿ ಬರುವವರಿಗೆ ಒಂದು ಸಾಲು, ತಿಪಟೂರು, ಶಿರಾ ಕಡೆಯಿಂದ ಬಸ್ಸಿನಲ್ಲಿ ಬರುವವರಿಗೆ ಒಂದು ಸಾಲು, ಬಿ.ಎಚ್. ರಸ್ತೆಯಲ್ಲಿ ಎಲ್ಲಿ ಇಳಿಯಬೇಕೆಂದು ಒಂದು ಸಾಲು. ನಿಮ್ಮ ಬೀದಿ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಇಲ್ಲದಿದ್ದರೆ ಸೇರಿಸಿ. ಹೆಸರನ್ನು ಕನ್ನಡದಲ್ಲೂ ಕೊಡಲು ಅಲ್ಲಿ ಪ್ರತ್ಯೇಕ ಅವಕಾಶವಿದೆ. ಹೊಸ ಸದಸ್ಯರಿಗೆ ಕೊಡಲು ಇದಕ್ಕಿಂತ ಒಳ್ಳೆಯ ಮೊದಲ ಕೆಲಸ ನನಗೆ ಹೊಳೆಯುವುದಿಲ್ಲ.

ಉಪನ್ಯಾಸದ ವಿಡಿಯೊ

ಯೂಟ್ಯೂಬ್ ಪೆಟ್ಟಿಗೆಯನ್ನು ಪುಟದೊಳಗೆ ಕೂರಿಸಿದರೆ, ಓದುಗರು ವಿಡಿಯೊ ನೋಡಲಿ ಬಿಡಲಿ, ಅದರ ಸ್ಕ್ರಿಪ್ಟುಗಳು ಇಳಿದೇ ಇಳಿಯುತ್ತವೆ. ಅದರ ಬದಲು ವಿಡಿಯೊದ ಒಂದು ಸ್ಥಿರಚಿತ್ರವನ್ನು ನಿಮ್ಮಲ್ಲೇ ಇಟ್ಟುಕೊಂಡು ಅದಕ್ಕೆ ಕೊಂಡಿ ಕೊಡಿ. ಒತ್ತಿದವರಷ್ಟೇ ಅಲ್ಲಿಗೆ ಹೋಗುತ್ತಾರೆ. ಇದು ಪೂರ್ತಿ ಪರಿಹಾರವಲ್ಲ, ಒಂದು ಸಂಜೆಯಲ್ಲಿ ಮುಗಿಯುವ ಪರಿಹಾರ.

ಮುಂದಿನ ಹೆಜ್ಜೆ ವಿಡಿಯೊವನ್ನು ಪಿಯರ್‌ಟ್ಯೂಬ್ ಎಂಬ ಸ್ವತಂತ್ರ ವಿಡಿಯೊ ತಂತ್ರಾಂಶ ನಡೆಸುವ ತಾಣವೊಂದರಲ್ಲಿ ಇಡುವುದು ಅಥವಾ ನಿಮ್ಮದೇ ಸರ್ವರ್‌ನಲ್ಲಿ ಇಡುವುದು. ಎಫ್‌ಎಫ್‌ಎಂಪೆಗ್ ಎಂಬ ಸ್ವತಂತ್ರ ಪರಿಕರದಿಂದ ವೆಬ್‌ಎಂ ಎಂಬ ಮುಕ್ತ ರೂಪಕ್ಕೆ ಬದಲಿಸಿ, ಪುಟದ ವಿಡಿಯೊ ಟ್ಯಾಗಿನಲ್ಲಿ ಹಾಕಿ; ಬ್ರೌಸರ್ ತಾನೇ ನುಡಿಸುತ್ತದೆ. ಪರದೆಯ ಮೇಲೆ ಸ್ಲೈಡುಗಳೇ ತುಂಬಿರುವ ಉಪನ್ಯಾಸಕ್ಕೆ ಸೆಕೆಂಡಿಗೆ 300 ಕಿಲೋಬಿಟ್ ಸಾಕಾಗುತ್ತದೆ. ಆ ಲೆಕ್ಕದಲ್ಲಿ ಒಂದು ಗಂಟೆಗೆ 135 ಎಂಬಿ. ಧ್ವನಿಯನ್ನಷ್ಟೇ ಓಪಸ್ ರೂಪದಲ್ಲಿ ಸೆಕೆಂಡಿಗೆ 24 ಕಿಲೋಬಿಟ್‌ನಂತೆ ಉಳಿಸಿದರೆ ಗಂಟೆಗೆ 11 ಎಂಬಿಯೂ ಆಗುವುದಿಲ್ಲ. ಎರಡನ್ನೂ ಇಡಿ. ಬೆಂಗಳೂರಿಗೆ ದಿನವೂ ರೈಲಿನಲ್ಲಿ ಓಡಾಡುವವರು ಧ್ವನಿಯ ಕಡತವನ್ನೇ ಕೇಳಿಕೊಳ್ಳುತ್ತಾರೆ.

ಹಳೆಯ ಪುಟಗಳಲ್ಲಿ ಫ್ಲ್ಯಾಷ್ ತುಣುಕುಗಳೇನಾದರೂ ಉಳಿದಿದ್ದರೆ ಯೋಚನೆಯೇ ಬೇಡ, ಅಳಿಸಿ. ಅಡೋಬಿ 2020ರ ಡಿಸೆಂಬರ್ 31ಕ್ಕೆ ಅದರ ಬೆಂಬಲ ನಿಲ್ಲಿಸಿತು; ಅದರ ಮೇಲೆ ಕಟ್ಟಿದ್ದೆಲ್ಲ ಒಡೆಯನ ಒಂದು ತೀರ್ಮಾನಕ್ಕೆ ಕುಸಿಯಿತು.

ನೋಂದಣಿ ಮತ್ತು ಹಣ

ಸೆಪ್ಟೆಂಬರ್‌ನ ಮೂರನೇ ಶನಿವಾರ ತಂತ್ರಾಂಶ ಸ್ವಾತಂತ್ರ್ಯ ದಿನ. ಅಂದು ಲ್ಯಾಪ್‌ಟಾಪ್‌ಗಳಿಗೆ ಲಿನಕ್ಸ್ ಹಾಕಿಕೊಡುವ ಕಾರ್ಯಕ್ರಮ ಇಟ್ಟುಕೊಂಡಿದ್ದೀರಿ ಎನ್ನಿ. ಗೂಗಲ್ ಫಾರ್ಮ್ ಬದಲು ಕ್ರಿಪ್ಟ್‌ಪ್ಯಾಡ್‌ನ ಫಾರ್ಮ್ ಬಳಸಬಹುದು. ಉತ್ತರಗಳು ಗೂಢಲಿಪಿಯಲ್ಲೇ ಇರುತ್ತವೆ, ಆ ಸೇವೆ ನಡೆಸುವವರಿಗೂ ಓದಲಾಗುವುದಿಲ್ಲ. ಸ್ವಂತ ಸರ್ವರ್ ಇದ್ದರೆ ಲೈಮ್‌ಸರ್ವೆ, ನೆಕ್ಸ್ಟ್‌ಕ್ಲೌಡ್ ಇದ್ದರೆ ಅದರದೇ ಫಾರ್ಮ್ಸ್.

ತಂತ್ರಾಂಶ ಬದಲಿಸುವುದಕ್ಕಿಂತ ಮುಖ್ಯವಾದ ಕೆಲಸ ಪ್ರಶ್ನೆಗಳನ್ನು ಕಡಿಮೆ ಮಾಡುವುದು. ಹೆಸರು, ಲ್ಯಾಪ್‌ಟಾಪ್ ಮಾದರಿ, ಡಿಸ್ಕ್‌ನಲ್ಲಿ ಖಾಲಿ ಇರುವ ಜಾಗ, ಕಡತಗಳ ಪ್ರತಿ ತೆಗೆದಿಟ್ಟುಕೊಂಡಿದ್ದಾರೆಯೇ ಎಂಬ ಪ್ರಶ್ನೆ, ತಿಳಿಸಲು ಒಂದು ಇ-ಮೇಲ್ ಅಥವಾ ಫೋನ್. ಹುಟ್ಟಿದ ದಿನಾಂಕ, ಮನೆ ವಿಳಾಸ, ತಂದೆಯ ಹೆಸರು ಏಕೆ? ಪಿಯು ಕಾಲೇಜಿನ ಮಕ್ಕಳೂ ಬರುವುದಾದರೆ ಇನ್ನಷ್ಟು ಎಚ್ಚರ ಬೇಕು: 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರನ್ನು ಮಕ್ಕಳೆಂದೇ ಪರಿಗಣಿಸುತ್ತದೆ, ಅವರ ಮಾಹಿತಿಗೆ ಪೋಷಕರ ಒಪ್ಪಿಗೆ ಕೇಳುತ್ತದೆ. ಕಾರ್ಯಕ್ರಮ ಮುಗಿದ ಮೇಲೆ ಪಟ್ಟಿಯನ್ನು ಅಳಿಸಿ, ಅಳಿಸುತ್ತೇವೆಂದು ಮೊದಲೇ ಪುಟದಲ್ಲಿ ಬರೆಯಿರಿ.

ಫಾರ್ಮಿಗೆ ಕಸದ ಉತ್ತರಗಳು ಬರುತ್ತವೆಂದು ರೀಕ್ಯಾಪ್ಚಾ ಹಾಕುವ ರೂಢಿಯಿದೆ. ಅದು 2009ರಿಂದ ಗೂಗಲ್‌ನದು; ಟ್ರಾಫಿಕ್ ದೀಪಗಳನ್ನು ಗುರುತಿಸಿ ನಾವು ಮನುಷ್ಯರೆಂದು ಅದಕ್ಕೆ ಸಾಬೀತುಪಡಿಸಬೇಕು. ಸಣ್ಣ ಬಳಗಕ್ಕೆ ಎರಡು ಉಪಾಯ ಸಾಕು. ಕಣ್ಣಿಗೆ ಕಾಣದ ಒಂದು ಖಾಲಿ ಜಾಗ ಇಡಿ. ಅದನ್ನು ತುಂಬಿದವರೆಲ್ಲ ಯಂತ್ರಗಳು. ಪರದೆ-ಓದುಗ ತಂತ್ರಾಂಶಕ್ಕೂ ಆ ಜಾಗ ಕಾಣದಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ದೃಷ್ಟಿದೋಷವುಳ್ಳವರು ಅದನ್ನು ತುಂಬಿ ಹೊರಗುಳಿಯುತ್ತಾರೆ. ಜೊತೆಗೆ ಒಂದು ಸ್ಥಳೀಯ ಪ್ರಶ್ನೆ: ಸಿದ್ಧಗಂಗಾ ಮಠ ಯಾವ ಜಿಲ್ಲೆಯಲ್ಲಿದೆ? ಉತ್ತರವನ್ನು ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ, ಹಳೆಯ ಕಾಗುಣಿತದಲ್ಲೂ ಹೊಸದರಲ್ಲೂ ಒಪ್ಪಿಕೊಳ್ಳಿ.

ಊಟದ ಖರ್ಚಿಗೆ ಹಣ ಸಂಗ್ರಹಿಸುವುದಾದರೆ ಪಾವತಿ ಕಂಪನಿಗಳ ಸ್ಕ್ರಿಪ್ಟ್ ಬೇಡ. ಯುಪಿಐ ಕ್ಯುಆರ್ ಎಂದರೆ ಒಂದು ಸಾಲಿನ ಪಠ್ಯವಷ್ಟೇ. ಕ್ಯುಆರ್‌ಎನ್‌ಕೋಡ್ ಎಂಬ ಸ್ವತಂತ್ರ ತಂತ್ರಾಂಶದಿಂದ ಅದನ್ನು ಚಿತ್ರವಾಗಿಸಿ ಪುಟದಲ್ಲಿ ಹಾಕಬಹುದು. ಹಣ ಕಳುಹಿಸುವ ಆ್ಯಪ್‌ಗಳು ಸ್ವಾಮ್ಯದವೇ ಅಲ್ಲವೇ ಎಂದು ಯಾರಾದರೂ ಕೇಳಿದರೆ, ಹೌದು ಎನ್ನಿ, ಸ್ಥಳದಲ್ಲಿ ನಗದು ಕೊಡಬಹುದು ಎಂದು ಪುಟದಲ್ಲೇ ಬರೆಯಿರಿ. ಎಲ್ಲವನ್ನೂ ಒಂದೇ ದಿನ ಗೆಲ್ಲುವ ಹಟ ಬೇಡ.

ಹೊರಗಿನಿಂದ ಎರವಲು ತಂದ ಸ್ಕ್ರಿಪ್ಟುಗಳು

ಜೆಕ್ವೆರಿಯಂಥ ಸಿದ್ಧ ಜಾವಾಸ್ಕ್ರಿಪ್ಟ್ ಸಂಗ್ರಹಗಳು ಸ್ವತಂತ್ರ ತಂತ್ರಾಂಶವೇ. ಆದರೂ ಅವನ್ನು ಬೇರೆಯವರ ಸರ್ವರ್‌ನಿಂದ ನೇರ ಎಳೆದುಕೊಂಡರೆ, ಆ ಸರ್ವರ್ ಯಾರ ಕೈಗೆ ಹೋಗುತ್ತದೋ ಅವರು ನಿಮ್ಮ ಓದುಗರ ಯಂತ್ರದಲ್ಲಿ ಏನು ಬೇಕಾದರೂ ಓಡಿಸಬಹುದು. ಹಳೆಯ ಬ್ರೌಸರ್‌ಗಳಿಗೆ ಹೊಸ ಸೌಲಭ್ಯ ಕೊಡುವ ಸ್ಕ್ರಿಪ್ಟ್ ಹಂಚುತ್ತಿದ್ದ ಪಾಲಿಫಿಲ್ ಸೇವೆಯ ಡೊಮೇನ್ 2024ರ ಆರಂಭದಲ್ಲಿ ಹೊಸ ಮಾಲೀಕರ ಕೈಸೇರಿತು. ಜೂನ್ ಹೊತ್ತಿಗೆ ಅದರಿಂದ ದುರುದ್ದೇಶದ ಸಂಕೇತ (ಕೋಡ್) ಹರಿಯುತ್ತಿರುವುದು ಬಯಲಾಯಿತು. ಅದನ್ನು ಬಳಸುತ್ತಿದ್ದ ತಾಣಗಳು ಲಕ್ಷಕ್ಕೂ ಹೆಚ್ಚು. ಬೇಕಾದ ಸ್ಕ್ರಿಪ್ಟನ್ನು ಇಳಿಸಿ ನಿಮ್ಮಲ್ಲೇ ಇಡಿ. ಸಂಕುಚಿತ ರೂಪದ ಪಕ್ಕದಲ್ಲಿ ಓದಬಲ್ಲ ಆಕರ ಸಂಕೇತವನ್ನೂ ಪರವಾನಗಿಯನ್ನೂ ಇಡಿ. ನಿಜವಾಗಿ ಬೇಕೇ ಎಂದೂ ಕೇಳಿಕೊಳ್ಳಿ; ಮೆನು ತೆರೆಯಲು ಮುಚ್ಚಲು ಇಂದು ಜೆಕ್ವೆರಿ ಬೇಡ.

ದುಡ್ಡು ಕೊಟ್ಟು ತಂದ ವರ್ಡ್‌ಪ್ರೆಸ್ ಥೀಮುಗಳಲ್ಲಿ ಒಂದು ಸೂಕ್ಷ್ಮವಿದೆ. ಸರ್ವರ್‌ನಲ್ಲಿ ಓಡುವ ಪಿಎಚ್‌ಪಿ ಭಾಗ ಜಿಪಿಎಲ್ ಎಂಬ ಸ್ವತಂತ್ರ ಪರವಾನಗಿಯಲ್ಲಿದ್ದರೂ ವಿನ್ಯಾಸದ ಕಡತಗಳು, ಚಿತ್ರಗಳು, ಸ್ಕ್ರಿಪ್ಟುಗಳು ಬೇರೆ ಪರವಾನಗಿಯಲ್ಲಿರುವುದುಂಟು. ಹ್ಯೂಗೊ ಅಥವಾ ಜೆಕಿಲ್ ಎಂಬ ಸ್ವತಂತ್ರ ಪರಿಕರದಿಂದ ಸರಳ ಸ್ಥಿರ ಪುಟಗಳನ್ನು ಕಟ್ಟಿದರೆ ಈ ತಲೆನೋವೂ ಇಲ್ಲ, ವಾರಕ್ಕೊಮ್ಮೆ ಪ್ಲಗಿನ್ ನವೀಕರಿಸುವ ಗೋಳೂ ಇಲ್ಲ.

ಗಿಟ್‌ಹಬ್, ವಾಟ್ಸ್ಆ್ಯಪ್

ಇವು ಮೂರನೆಯ ಗುಂಪಿನವು, ಅಥವಾ ಅದರ ಅಂಚಿನವು. ಆಕರ ಸಂಕೇತವನ್ನು ಇಟ್ಟು ಹಂಚಿಕೊಳ್ಳುವ ಗಿಟ್‌ಹಬ್ 2018ರಿಂದ ಮೈಕ್ರೋಸಾಫ್ಟ್‌ನದು, ಅದರ ಒಳಗಿನ ತಂತ್ರಾಂಶ ಸ್ವತಂತ್ರವಲ್ಲ. ಅಲ್ಲಿಂದ ಸ್ಥಿರ ಪುಟಗಳನ್ನು ಹಂಚಿದರೆ ಅದರ ಸ್ಕ್ರಿಪ್ಟುಗಳೇನೂ ಓದುಗರಲ್ಲಿ ಓಡುವುದಿಲ್ಲ. ಕೊಡುಗೆ ಕೊಡಲು ಬರುವವರು ಮಾತ್ರ ಖಾತೆ ತೆರೆಯಬೇಕಾಗುತ್ತದೆ. ಇಂಥದೇ ಆದ, ಲಾಭೋದ್ದೇಶವಿಲ್ಲದ ಕೋಡ್‌ಬರ್ಗ್‌ಗೆ ಸ್ಥಳಾಂತರಿಸುವುದು ಕಷ್ಟವಲ್ಲ, ಅದು ಫೋರ್ಜೆಯೊ ಎಂಬ ಸ್ವತಂತ್ರ ತಂತ್ರಾಂಶದ ಮೇಲೆ ನಡೆಯುತ್ತದೆ. ಅಲ್ಲಿಯವರೆಗೆ ತಿದ್ದುಪಡಿಗಳನ್ನು ಇ-ಮೇಲ್‌ನಲ್ಲೂ ಸ್ವೀಕರಿಸುತ್ತೇವೆಂದು ಒಂದು ಸಾಲು ಬರೆಯಿರಿ.

ವಾಟ್ಸ್ಆ್ಯಪ್ ಗುಂಪನ್ನು ಮುಚ್ಚಿ ಎಂದು ನಾನು ಹೇಳುವುದಿಲ್ಲ. ಮುಚ್ಚಿದರೆ ಸಭೆಗೆ ನಾಲ್ಕೇ ಜನ ಬರುತ್ತಾರೆ. ಆದರೆ ಬಳಗದೊಳಗೆ ಬರಲು ಅದೊಂದೇ ದಾರಿಯಾಗಬಾರದು. ಪ್ರಕಟಣೆ ಮೊದಲು ತಾಣದಲ್ಲಿ ಬರಲಿ, ತಾಣಕ್ಕೆ ಹೊಸ ಬರಹಗಳನ್ನು ತಾನಾಗಿ ತಿಳಿಸುವ ಆರ್‌ಎಸ್‌ಎಸ್ ಫೀಡ್ ಇರಲಿ, ಪ್ರಕಟಣೆಯ ಕೊಂಡಿ ಗುಂಪಿಗೆ ಹೋಗಲಿ. ಮ್ಯಾಟ್ರಿಕ್ಸ್ ಎಂಬ ಮುಕ್ತ ಹರಟೆ ಜಾಲದಲ್ಲಿ ಕೊಠಡಿಯೊಂದನ್ನು ತೆರೆದಿಟ್ಟರೆ ಫೋನ್ ನಂಬರ್ ಕೊಡಲು ಇಷ್ಟವಿಲ್ಲದವರೂ ಮಾತಿಗೆ ಬರುತ್ತಾರೆ.

ಬಾಗಿಲಿಗೆ ಬೀಗ

ಕಾಲೇಜು ಬಳಗದ ದೊಡ್ಡ ಶತ್ರು ಗೂಗಲ್ ಅಲ್ಲ, ಅಂತಿಮ ವರ್ಷದ ಪರೀಕ್ಷೆ. ತಿಳಿದವರು ಜೂನ್‌ನಲ್ಲಿ ಹೊರಟುಹೋಗುತ್ತಾರೆ, ಹೊಸಬರು ಬಂದು ಯೂಟ್ಯೂಬ್ ಪೆಟ್ಟಿಗೆಯನ್ನು ಮತ್ತೆ ಅಂಟಿಸುತ್ತಾರೆ. ಇದಕ್ಕೆ ತಾಂತ್ರಿಕ ಪರಿಹಾರವೇ ಇದೆ. ಸರ್ವರ್ ಪ್ರತಿ ಪುಟದೊಂದಿಗೆ ಕಳುಹಿಸುವ ಶಿರೋಲೇಖಗಳಲ್ಲಿ ಕಂಟೆಂಟ್ ಸೆಕ್ಯುರಿಟಿ ಪಾಲಿಸಿ ಎಂಬುದೊಂದಿದೆ. ಅದರಲ್ಲಿ ಮೂಲ ಆಕರವನ್ನು (ಡಿಫಾಲ್ಟ್-ಎಸ್‌ಆರ್‌ಸಿ) ‘ಸೆಲ್ಫ್’ ಎಂದಷ್ಟೇ ನಮೂದಿಸಿದರೆ, ನಿಮ್ಮ ತಾಣದ ಹೊರಗಿನ ಸ್ಕ್ರಿಪ್ಟ್, ಫಾಂಟ್, ಚಿತ್ರ, ಪೆಟ್ಟಿಗೆ ಯಾವುದನ್ನೂ ಓದುಗರ ಬ್ರೌಸರ್ ಒಳಗೆ ಬಿಡುವುದಿಲ್ಲ. ಪುಟದೊಳಗೇ ಬರೆದ ಚಿಕ್ಕಪುಟ್ಟ ಸ್ಕ್ರಿಪ್ಟುಗಳೂ ನಿಲ್ಲುತ್ತವೆ, ಅವನ್ನು ಪ್ರತ್ಯೇಕ ಕಡತಕ್ಕೆ ಸಾಗಿಸಬೇಕಾಗುತ್ತದೆ. ಮೊದಲ ಎರಡು ವಾರ ತಡೆಯದೆ ವರದಿಯಷ್ಟೇ ಮಾಡುವ ರೀತಿಯಲ್ಲಿ ಇಡಿ, ಏನೇನು ಮುರಿಯುತ್ತದೆಂದು ನೋಡಿ, ಸರಿಪಡಿಸಿ, ಆಮೇಲೆ ಬೀಗ ಹಾಕಿ. ಶಿರೋಲೇಖ ಬದಲಿಸಲು ಬಿಡದ ಕಡೆ ತಾಣ ಇದ್ದರೆ ಪುಟದ ಮೆಟಾ ಟ್ಯಾಗಿನಲ್ಲೂ ಇದನ್ನು ಬರೆಯಬಹುದು. ವರದಿಯಷ್ಟೇ ಮಾಡುವ ರೀತಿ ಅಲ್ಲಿ ನಡೆಯುವುದಿಲ್ಲ, ಹಾಗಾಗಿ ತಾಣದ ನಕಲೊಂದನ್ನು ಇಟ್ಟುಕೊಂಡು ಅದರಲ್ಲಿ ಪರೀಕ್ಷಿಸಿ.

ಆ ಬೀಗ ಏಕಿದೆ, ವಿಡಿಯೊ ಹಾಕಬೇಕಾದರೆ ಏನು ಮಾಡಬೇಕು ಎಂಬುದನ್ನು ತಾಣದ ಆಕರ ಸಂಕೇತದ ಜೊತೆಗೇ ಕನ್ನಡದಲ್ಲಿ ಒಂದು ಪುಟ ಬರೆದಿಡಿ. ಇಲ್ಲದಿದ್ದರೆ ಅಂಟಿಸಿದ ಪೆಟ್ಟಿಗೆ ಖಾಲಿಯಾಗಿ ಕಂಡ ಹೊಸಬರು ಮೊದಲು ತೆಗೆಯುವುದೇ ಆ ಸಾಲನ್ನು. ಡೊಮೇನ್ ಯಾರ ಹೆಸರಿನಲ್ಲಿದೆ, ನವೀಕರಣ ಯಾವ ತಿಂಗಳು ಎಂಬುದನ್ನೂ ಅದೇ ಪುಟದಲ್ಲಿ ಸೇರಿಸಿ. ಗುಪ್ತಪದಗಳನ್ನು ಮಾತ್ರ ಅಲ್ಲಿ ಬರೆಯಬೇಡಿ. ಅವು ಕೀಪಾಸ್‌ಎಕ್ಸ್‌ಸಿ ಎಂಬ ಗುಪ್ತಪದ ಕಾಯುವ ಸ್ವತಂತ್ರ ತಂತ್ರಾಂಶದ ಕಡತದಲ್ಲಿರಲಿ, ಆ ಕಡತದ ಪ್ರತಿ ಈ ವರ್ಷದ ಒಬ್ಬರಲ್ಲೂ ಮುಂದಿನ ವರ್ಷ ಉಳಿಯುವ ಒಬ್ಬರಲ್ಲೂ ಇರಲಿ.